ಗಾಳಿಯಲ್ಲಿ ಬೆಳ್ಳುಳ್ಳಿ

ನಂಜನಗೂಡಿನ ನಮ್ಮ ಬೀದಿಗೆ ಈರುಳ್ಳಿ ಬೆಳ್ಳುಳ್ಳಿ ಮಾರುವ ಆಟೋ ತನ್ನ ರೆಕಾರ್ಡು ಕೂಗಿಸುತ್ತ ಬಂದರೆ ಹೆಂಗಸರು ಚೀಲ ಹುಡುಕುತ್ತಾರೆ. ನಾನು ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಅಡುಗೆಮನೆ ಕಪಾಟಿನ ಮೇಲಿರುವ ವೈರ್‌ಲೆಸ್ ಸೆಟ್ಟಿನ ಕಡೆ ನೋಡುತ್ತೇನೆ. ಇವತ್ತೂ ನೋಡಿದೆ. "ಅದು ಬೀದೀಲಿ ಕಣ್ರೀ, ನಿಮ್ಮ ಡಬ್ಬೀಲಲ್ಲ," ಎಂದಳು ಹೆಂಡತಿ. ನನ್ನ ಹ್ಯಾಮ್ ರೇಡಿಯೋ ಅವಳಿಗೆ ಎಂದೂ ಡಬ್ಬಿಯೇ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಒಂದು ಮಾತು. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸನ್ನೂ ಕಾಲ್ ಸೈನ್ ಎಂಬ ಗುರುತಿನ ಹೆಸರನ್ನೂ ಪಡೆದು, ಗಾಳಿಯಲ್ಲಿ ಮಾತಾಡುವ ಗೀಳು ನಮ್ಮದು. ಏನು ಮಾತಾಡುತ್ತೀರಿ ಎಂದು ಮಾತ್ರ ಕೇಳಬೇಡಿ. ನಿಮ್ಮ ಕಡೆ ಮಳೆಯೇ, ನಮ್ಮ ಕಡೆ ಬರೀ ಮೋಡ, ಇಷ್ಟೇ. ನಮ್ಮ ಸೆಟ್ಟುಗಳ ದನಿ ಊರಾಚೆ ದಾಟುವುದಿಲ್ಲವಾದ್ದರಿಂದ ಕವಲಂದೆ ಕಡೆಯ ಒಂದು ಗುಡ್ಡದ ಮೇಲೆ ಎಲ್ಲರೂ ಸೇರಿ ರಿಪೀಟರ್ ಇಟ್ಟಿದ್ದೇವೆ. ಸಣ್ಣ ದನಿಯನ್ನು ಹಿಡಿದು, ಜೋರು ಮಾಡಿ, ದೂರಕ್ಕೆ ಕಳಿಸುವ ಪೆಟ್ಟಿಗೆ ಅದು. ಒಂದು ಸಲಕ್ಕೆ ಒಬ್ಬರ ದನಿ ಮಾತ್ರ. ಯಾರಾದರೂ ಗುಂಡಿ ಒತ್ತಿ ಹಿಡಿದರೆ ಮಿಕ್ಕವರೆಲ್ಲ ಮೂಕರು.

ಬೆಳಿಗ್ಗೆ ಎಂಟಕ್ಕೆ ಹಾಜರಿ. ಹಾಜರಿ ಕೂಗುವವರು ಟಿ. ನರಸೀಪುರದ ಶಾರದಮ್ಮ ಟೀಚರು. ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋದವು. ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಆದರೆ ಎಂಟಾಯಿತೆಂದರೆ ನಮ್ಮನ್ನೆಲ್ಲ ಶಾಲೆಯ ಮಕ್ಕಳಂತೆ ಒಬ್ಬೊಬ್ಬರಾಗಿ ಕರೆದು, ದನಿಯಲ್ಲೇ ನೆಗಡಿ ಪತ್ತೆ ಹಚ್ಚಿ, "ಕಷಾಯ ಕುಡಿದ್ರಾ?" ಎಂದು ಗದರುತ್ತಿದ್ದರು. ಅವರ ಪಾಲಿಗೆ ದಿನವೆಂದರೆ ಆ ಅರ್ಧ ಗಂಟೆ.

ಅದಕ್ಕೇ ಕಲ್ಲು ಬಿತ್ತು. ಒಂದೆರಡು ವರ್ಷದ ಹಿಂದಿನ ಮಾತು. ಅವರು ಬಾಯಿ ತೆರೆದರೆ ಸಾಕು, ಯಾರೋ ಗುಂಡಿ ಒತ್ತಿ ಬೆಳ್ಳುಳ್ಳಿ ಆಟೋದ ರೆಕಾರ್ಡು ಹಾಕತೊಡಗಿದ. ನಮ್ಮಲ್ಲೊಂದು ಕಟ್ಟುನಿಟ್ಟು ಇದೆ: ಕಾಲ್ ಸೈನ್ ಇಲ್ಲದವರಿಗೆ ಉತ್ತರ ಕೊಡಬಾರದು, ಹಾವಳಿ ಮಾಡುವವರನ್ನಂತೂ ಇಲ್ಲವೆಂದೇ ತಿಳಿಯಬೇಕು. ನಾಯಿ ಬೊಗಳಿದರೆ ದೇವಲೋಕ ಹಾಳೇ? ನಾವು ದೇವಲೋಕದವರ ಗತ್ತಿನಲ್ಲಿ ಕೂತೆವು. ಬೆಳ್ಳುಳ್ಳಿ ನಿಲ್ಲಲಿಲ್ಲ. ಬೇಸತ್ತು ಒಬ್ಬೊಬ್ಬರೇ ಹಾಜರಿ ತಪ್ಪಿಸತೊಡಗಿದರು. ಕೊನೆಗೆ ಶಾರದಮ್ಮ ನನಗೆ ಫೋನು ಮಾಡಿ, "ಸೆಟ್ಟು ಯಾರಿಗಾದ್ರೂ ಕೊಟ್ಬಿಡ್ತೀನಿ. ಕತ್ತಲೇಲಿ ಕೂತ್ಕೊಂಡು ಬೆಳ್ಳುಳ್ಳಿ ಕೇಳೋಕೆ ಇದ್ಯಾಕೆ ನಂಗೆ?" ಎಂದರು.

ನಾನೂ ಕವಲಂದೆಯ ಬೆಲ್ಲದ ವ್ಯಾಪಾರಿ ಮಲ್ಲಪ್ಪನೂ ಹುಡುಕಲು ಹೊರಟೆವು. ಬಡಗಿಗಳ ಸ್ಟೀಲ್ ಟೇಪು ಕತ್ತರಿಸಿ ಮಾಡಿದ ಅಂಟೆನಾ ಹಿಡಿದು, ದನಿ ಯಾವ ಕಡೆ ಜೋರೋ ಆ ಕಡೆಗೆ ಸ್ಕೂಟರ್ ಬಿಡುವುದು. ಮೊದಲ ದಿನ ಬಹು ಜಾಣತನದಿಂದ ನಮ್ಮದೇ ರಿಪೀಟರ್ ಗುಡ್ಡದ ಬುಡಕ್ಕೆ ಹೋಗಿ ನಿಂತೆವು. ಆಮೇಲೆ ಬುದ್ಧಿ ಬಂತು. ಹಿಡಿಯಬೇಕಾದದ್ದು ಪೆಟ್ಟಿಗೆ ಕಳಿಸುವ ದನಿಯನ್ನಲ್ಲ, ಅವನ ಸೆಟ್ಟಿನಿಂದ ಪೆಟ್ಟಿಗೆಗೆ ಹೋಗುವ ಅಲೆಯನ್ನು. ಅದು ನಮ್ಮನ್ನು ಬನ್ನೂರು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಹೆಂಚಿನ ಮನೆಗೆ ಕರೆದೊಯ್ದಿತು. ದಾರಿಯುದ್ದಕ್ಕೂ ಮಲ್ಲಪ್ಪ ಬೈಗುಳದ ಅಭ್ಯಾಸ ಮಾಡಿಕೊಂಡಿದ್ದ, ಎಲ್ಲ ಏಕವಚನದಲ್ಲಿ.

ಬಾಗಿಲು ತೆರೆದವರು ತಲೆ ನರೆತ ನಾಗರಾಜು, ನಿವೃತ್ತ ಬಸ್ ಕಂಡಕ್ಟರು. "ಯಾರ್ರೀ ಅದು ಬೆಳ್ಳುಳ್ಳಿ..." ಎಂದು ಮಲ್ಲಪ್ಪ ಶುರು ಮಾಡಿದ್ದೇ ತಡ, ಅವರ ಮುಖ ಅರಳಿತು.

"ಕವಲಂದೆ ಮಲ್ಲಪ್ನೋರು ಅಲ್ವಾ. ದನೀಲೇ ಗೊತ್ತಾಯ್ತು ಕಣ್ರೀ. ಬನ್ನಿ ಸಾ, ಒಳಗೆ ಬನ್ನಿ. ಇವ್ಳೇ, ಕಾಪಿ ಇಡು, ನಮ್ಮೋರು ಬಂದವ್ರೆ."

ನಮ್ಮ ಸೀಮೆಯವರಿಗೆ ಒಂದು ತೊಂದರೆ ಇದೆ. ಒಂದು ಮನೆಯಲ್ಲಿ ಬಾಯಿಗೆ ಏನಾದರೂ ಹಾಕಿಕೊಂಡ ಮೇಲೆ ಅಲ್ಲೇ ಕೂತು ಆ ಮನೆಯವರನ್ನು ಬೈಯುವಂತಿಲ್ಲ. ಕಾಫಿಯ ಜೊತೆಗೆ ನಿಪ್ಪಟ್ಟೂ ಬಂತು. ಮಲ್ಲಪ್ಪ ನಿಪ್ಪಟ್ಟಿನ ಜೊತೆ ಬೈಗುಳವನ್ನೂ ನುಂಗಿಕೊಂಡ. ನಾನೇ ಮೆಲ್ಲಗೆ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು.

"ಬಸ್ಸಲ್ಲಿ ದಿನಾ ನೂರಾರು ಜನ್ರ ತಾವ ಮಾತಾಡ್ತಿದ್ದೋನು ಸಾ ನಾನು. ರಿಟೈರಾದ್ಮೇಲೆ ಮಾತಿಲ್ಲ ಕತೆಯಿಲ್ಲ. ಈ ಸೆಟ್ ತರುಸ್ದೆ. ಆ ಅಮ್ಮ ಎಲ್ರುನೂವೆ ಕಾಪಿ ಆಯ್ತಾ, ಕಷಾಯ ಆಯ್ತಾ ಅಂತ ಕೇಳೋರು. ನಾನೂ ನಮಸ್ಕಾರ ಅಂದೆ. ದಿನಾ ಅಂದೆ. ಒಬ್ರೂ ಊಂ ಅನ್ನಿಲ್ಲ. ಉಗುದ್ರೂ ಸರಿ, ಮಾತಾಡುಸ್ಲಿ ಅಂತ ಅದ್ನ ಆಕ್ದೆ. ಅದ್ಕೂ ಯಾರೂ ಉಗೀನಿಲ್ಲ."

ಉಗಿಯದಿರುವುದು ನಮ್ಮ ಶಿಸ್ತು ಎಂದು ಹೇಳಹೊರಟೆ. ಹೇಳುವ ಬದಲು ಇನ್ನೊಂದು ನಿಪ್ಪಟ್ಟು ತೆಗೆದುಕೊಂಡೆ.

ದೂರು ಕೊಡುವುದೋ ಬಿಡುವುದೋ, ಶಾರದಮ್ಮನವರೇ ಹೇಳಲಿ ಎಂದುಕೊಂಡೆವು. ಎಲ್ಲ ಕೇಳಿದ ಅವರು, "ಅವ್ರನ್ನ ನನ್ನ ಹತ್ರ ಕಳ್ಸಿ. ಪರೀಕ್ಷೆಗೆ ನಾನೇ ಓದಿಸ್ತೀನಿ. ಪುಸ್ತಕ ಅವ್ರು ಓದ್ಲಿ, ಅರ್ಥ ನಾನು ಹೇಳ್ತೀನಿ," ಎಂದರು. ಕಂಡಕ್ಟರು ಬನ್ನೂರಿನಿಂದ ಬಸ್ಸು ಹತ್ತಿ ಹೋಗಿ ಓದಿದರು. ಒಮ್ಮೆ ಫೇಲಾದರು, ಬೈಸಿಕೊಂಡರು, ಮತ್ತೆ ಬರೆದು ಕಾಲ್ ಸೈನ್ ಪಡೆದರು. ಈಗ ಭಾನುವಾರದ ಹಾಜರಿ ಅವರದೇ, ಬಸ್ಸಿನಲ್ಲಿ ಜನರನ್ನು ಮುಂದೆ ದೂಡುವ ಅದೇ ರಾಗದಲ್ಲಿ.

ಇವತ್ತು ಭಾನುವಾರ. ಹಾಜರಿಯ ನಡುವೆ ಗೊತ್ತಿಲ್ಲದ ಒಂದು ದನಿ, ಕಾಲ್ ಸೈನ್ ಹೇಳದೆ, ಅಂಜುತ್ತ "ನಮಸ್ಕಾರ" ಎಂದಿತು. ಉತ್ತರ ಕೊಟ್ಟರೆ ನಿಯಮ ಮುರಿದಂತೆ. ಕೊಡದಿದ್ದರೆ ಏನಾಗುತ್ತದೆಂದು ನಮಗೆ ಗೊತ್ತು. ನಾಗರಾಜು ಆ ದನಿಗೆ ಉತ್ತರವೆನಿಸದಂತೆ, ಹಾಜರಿಯ ಧಾಟಿಯಲ್ಲೇ ಹೇಳಿದರು:

"ಎಲ್ರಿಗೂ ಒಂದು ವಿಚಾರ. ನಮ್ಮನೆ ಬನ್ನೂರು ಬಸ್‌ಸ್ಟ್ಯಾಂಡ್ ಹಿಂದೆ. ಕಂಡಕ್ಟರ್ ನಾಗರಾಜು ಅಂದ್ರೆ ಯಾರಾದ್ರೂ ತೋರುಸ್ತಾರೆ. ಹನ್ನೊಂದ್ಗಂಟೆಗೆ ಕಾಪಿ ಇಡುಸ್ತೀನಿ. ಯಾರು ಬೇಕಾದ್ರೂ ಬರ್ಬೋದು."

ಆಮೇಲೆ ಬಂದದ್ದು ಶಾರದಮ್ಮನವರ ದನಿ.

"ನಂಗೂ ಒಂದು ಲೋಟ ಇಡ್ಸಪ್ಪಾ ನಾಗರಾಜು. ಯಾರಾದ್ರೂ ಬಂದು ಕೈ ಹಿಡ್ಕೊಳ್ಳಿ, ನಾನೂ ಬತ್ತೀನಿ."