ಊದಬತ್ತಿ ಹಿಡಿದ ರುದ್ರಪ್ಪ ಸರ್

ಚಿತ್ರದುರ್ಗದ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ರುದ್ರಪ್ಪ ಸರ್ ಯಾವ ಬಾಗಿಲ ಬಳಿ ನಿಂತರೂ ಕೈಯಲ್ಲೊಂದು ಊದಬತ್ತಿ ಹೊಗೆಯಾಡುತ್ತಿತ್ತು. ನರ್ಸ್ ಆಗಿ ಸೇರಿದ ಹೊಸತರಲ್ಲಿ ನಾನು ಅವರನ್ನು ಮಹಾ ದೈವಭಕ್ತರೆಂದುಕೊಂಡು ಪಕ್ಕದಲ್ಲಿ ನಿಂತು ಕೈಮುಗಿದೂ ಬಿಟ್ಟಿದ್ದೆ.

“ದೇವರಿಗಲ್ಲಮ್ಮ ಇದು, ಗಾಳಿಗೆ. ನೋಡ್ರಿ, ಹೊಗೆ ಒಳಗೆ ಹೋಗ್ತೈತಾ, ಹೊರಗೆ ಬರ್ತೈತಾ?”

ಅವರು ಹಿಂದೆ ತಾಮ್ರದ ಗಣಿಯಲ್ಲಿ ಗಾಳಿಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಗಣಿ ಮುಚ್ಚಿದ ಮೇಲೆ ನಮ್ಮ ಕಟ್ಟಡದ ಉಸ್ತುವಾರಿಗೆ ಬಂದಿದ್ದರು. ಮಾತಿಗೆ ಕುಳಿತರೆ ಊಟ ಆರಿ ತಣ್ಣಗಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾವೆಲ್ಲ ‘ಹೊಗೆ ಸರ್’ ಎಂದು ನಗುತ್ತಿದ್ದೆವು. ಆದರೂ ಅವರ ಹುಚ್ಚು ಮೆಲ್ಲಗೆ ನನಗೂ ಅಂಟಿತು.

“ಬೆಂಕಿಗಿಂತ ಮುಂಚೆ ಹೊಗೆ ಓಡ್ತೈತಮ್ಮ. ಫ್ಯಾನ್ ಹಾಕಿ ವಾರ್ಡಿನೊಳಗೆ ಗಾಳಿ ತುಂಬಿಸ್ರಿ, ಕಾರಿಡಾರಿನ ಗಾಳಿ ಹೊರಗೆಳೀರಿ. ಆಗ ಬಾಗಿಲ ಸಂದೀಲಿ ಗಾಳಿ ಹೊರಗೆ ನುಗ್ತೈತೆ, ಹೊಗೆ ಕೂಸುಗಳ ಹತ್ರ ಬರಾಕಾಗಲ್ಲ. ಸಣ್ಣ ಬೆಂಕಿಗೆ ಮಾತ್ರ ಇದು. ದೊಡ್ಡದಾದ್ರೆ ಎಲ್ಲಾ ಬಂದ್ ಮಾಡಿ ಜನಾನ ಕರ್ಕಂಡು ಹೋಗ್ರಿ.”

ಆ ವರ್ಷ ಆಯುಧಪೂಜೆಗೆ ಸ್ವಲ್ಪ ಮೊದಲು ಈ ಗಾಳಿ ತುಂಬುವ, ಎಳೆಯುವ ಫ್ಯಾನುಗಳಿಗೆ ಹೊಸ ಸ್ವಿಚ್ ಪೆಟ್ಟಿಗೆ ಬಂದಿತ್ತು. ಯಾವ ಸ್ವಿಚ್ ಯಾವುದಕ್ಕೆ ಎಂದು ಎಲೆಕ್ಟ್ರಿಷಿಯನ್ ಸ್ಕೆಚ್ ಪೆನ್ನಿನಲ್ಲಿ ಬರೆದು ಹೋಗಿದ್ದ. ಹಬ್ಬದ ದಿನ ನಾವು ಭಕ್ತಿಯಿಂದ ಅದನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತೊಳೆದು, ಮೂರು ಪಟ್ಟೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿದೆವು. ಬರೆದಿದ್ದ ಹೆಸರೆಲ್ಲ ತೊಳೆದು ಹೋಗಿತ್ತು.

ಅದೇ ಮಧ್ಯಾಹ್ನ ಬಟ್ಟೆ ಕೋಣೆಯಲ್ಲಿ ಯಾರೋ ಆರಿಸದೆ ಬಿಟ್ಟ ಇಸ್ತ್ರಿಪೆಟ್ಟಿಗೆಯಿಂದ ಬೆಡ್‌ಶೀಟಿನ ರಾಶಿಗೆ ಬೆಂಕಿ ಹತ್ತಿತು. ಕಾವಲುಗಾರ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಅತ್ತ ಓಡಿದ. ಹೊಗೆ ಮಾತ್ರ ಕಾರಿಡಾರಿಗೆ ಇಳಿದು ಬಾಣಂತಿಯರ ವಾರ್ಡಿನ ಕಡೆ ಬರುತ್ತಿತ್ತು. ಒಳಗೆ ಆಗತಾನೇ ಹುಟ್ಟಿದ ಕೂಸುಗಳು. ಹೊರಗೆ ಕರೆತರಬೇಕೆಂದರೂ ಆ ಹೊಗೆಯನ್ನೇ ದಾಟಬೇಕು.

ರುದ್ರಪ್ಪ ಸರ್ ಓಡಿ ಬಂದು ಸ್ವಿಚ್ ಪೆಟ್ಟಿಗೆ ತೆರೆದು, ಹೆಸರಿದ್ದ ಕಡೆ ವಿಭೂತಿ ನೋಡಿದರು. ಪೂಜೆಯ ತಟ್ಟೆಯಿಂದ ಊದಬತ್ತಿ ಕಿತ್ತು ನನ್ನ ಕೈಗಿಟ್ಟು, “ವಾರ್ಡಿನ ಬಾಗಿಲ ಸಂದಿಗೆ ಹೊರಗಿಂದ ಹಿಡ್ಕಳ್ರಿ, ಹೊಗೆ ನೋಡಿ ಕೂಗ್ರಿ” ಎಂದರು.

ಒಂದು ಸ್ವಿಚ್ ಒತ್ತಿದರು. “ಒಳಗಾ, ಹೊರಗಾ?”

ಊದಬತ್ತಿಯ ಎಳೆ ಸರಕ್ಕನೆ ವಾರ್ಡಿನೊಳಕ್ಕೆ ಬಾಗಿತು. “ಒಳಗೆ ಸರ್, ಒಳಗೆ!”

“ಬಂದ್ ಮಾಡ್ದೆ. ಇನ್ನೊಂದು ಒತ್ತೀನಿ. ಈಗ?”

ಎಳೆ ನಡುಗಿತು, ನಿಂತಿತು, ಆಮೇಲೆ ನನ್ನ ಮುಖಕ್ಕೇ ಬಂತು. “ಹೊರಗೆ!” ಎಂದು ಕಿರುಚುವಾಗ ನಾನು ಅಳುತ್ತಿದ್ದೆ. ಅವರು ಮತ್ತೊಂದು ಸ್ವಿಚ್ ಒತ್ತಿದರು. ಕಾರಿಡಾರಿನ ಹೊಗೆ ತಿರುಗಿ ಆ ತುದಿಯ ಫ್ಯಾನಿನ ಕಿಂಡಿಯ ಕಡೆ ಹೊರಟಿತು. ವಾರ್ಡಿನಲ್ಲಿ ಒಂದು ಕೂಸೂ ಕೆಮ್ಮಲಿಲ್ಲ. ಬೆಂಕಿ ಆರಿದ ಮೇಲೆ ಸರ್ ಅಂದದ್ದು ಇಷ್ಟೇ: “ಪೂಜೆ ಮಾಡ್ರಮ್ಮ, ಬ್ಯಾಡ ಅನ್ನಲ್ಲ. ಹೆಸರು ಬಿಟ್ಟು ಬಳೀರಿ.”

ಈ ವರ್ಷ ಅವರು ತೀರಿಹೋದರು. ಜವನಗೊಂಡನಹಳ್ಳಿಯ ಮನೆಯ ಪಡಸಾಲೆಯಲ್ಲಿ ಅವರನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ಊದಬತ್ತಿ. ಕೈಮುಗಿದು ನಿಂತವಳ ಕಣ್ಣು ಅವರ ಮುಖ ಬಿಟ್ಟು ಆ ಹೊಗೆಯ ಹಿಂದೆ ಹೋಯಿತು. ಅದು ಅವರ ಹೆಗಲು ಬಳಸಿ, ಹೊಸಿಲು ದಾಟಿ ಬೀದಿಗೆ ಹೋಗುತ್ತಿತ್ತು.

“ಹೊರಗೆ, ಸರ್” ಎಂದೆ.