ಕರೆಂಟಿನ ಕೊರಳಪಟ್ಟಿ

ಇನ್ನಂಜೆಯ ನಮ್ಮ ಮನೆಯ ನಾಯಿಗೆ ಸ್ಕೂಟರ್ ಕಂಡರೆ ಆಗುತ್ತಿರಲಿಲ್ಲ. ಗೇಟು ತೆರೆದಿದ್ದರೆ ಗದ್ದೆಯ ತಿರುವಿನ ತನಕ ಅಟ್ಟಿಸಿಕೊಂಡು ಹೋಗುತ್ತಿತ್ತು. ಹಾಗೆ ಒಬ್ಬರು ಬಿದ್ದು ಮೊಣಕಾಲು ಒಡೆದುಕೊಂಡ ಮೇಲೆ, ದುಬೈಯಿಂದ ರಜೆಯಲ್ಲಿ ಬಂದಿದ್ದ ಅಣ್ಣ ಆನ್‌ಲೈನಿನಲ್ಲಿ ಒಂದು ಕೊರಳಪಟ್ಟಿ ತರಿಸಿದ. ಅದರ ಒಳಬದಿಯಲ್ಲಿ ಎರಡು ಲೋಹದ ಮೊಳೆಗಳು. ರಿಮೋಟಿನ ಬಟನ್ ಒತ್ತಿದರೆ ಕುತ್ತಿಗೆಗೆ ಕರೆಂಟು.

"ಹೊಡೆಯುವುದು ಬೇಡ, ಬೈಯುವುದೂ ಬೇಡ. ತನ್ನಷ್ಟಕ್ಕೆ ಕಲಿತೀತು," ಎಂದ.

ಮೊದಲ ಸಲ ಒತ್ತಿದಾಗ ನಾಯಿ ಅಂಗಳದಲ್ಲಿ ಚಕ್ರದಂತೆ ತಿರುಗಿ ತನ್ನದೇ ಹಿಂಗಾಲನ್ನು ಕಚ್ಚಿಕೊಂಡಿತು. ಅಣ್ಣ ನಕ್ಕ. ಸ್ಕೂಟರಿಗೆಂದು ಬಂದ ಪಟ್ಟಿ ಬರಬರುತ್ತಾ ಎಲ್ಲದಕ್ಕೂ ಆಯಿತು. ಬೊಗಳಿದರೆ ಕರೆಂಟು, ಜಗಲಿ ಹತ್ತಿದರೆ ಕರೆಂಟು. ಅತ್ತಿಗೆ ಗಂಜಿ ತಂದಾಗ ಸಂತೋಷಕ್ಕೆ ಮೇಲೆ ಹಾರಿದರೂ ಕರೆಂಟು. ನಾಯಿಗೆ ರಿಮೋಟ್ ಏನು ಗೊತ್ತು? ಅದಕ್ಕೆ ಕಾಣುತ್ತಿದ್ದುದು ಎದುರಿಗಿದ್ದ ಅತ್ತಿಗೆ ಮಾತ್ರ. ಆಮೇಲೆ ಅವಳ ಹೆಜ್ಜೆ ಸಪ್ಪಳಕ್ಕೇ ಹಲ್ಲು ತೋರಿಸತೊಡಗಿತು.

"ನನ್ನನ್ನು ಕಂಡರೆ ಗುರ್ ಅನ್ನುತ್ತದೆ. ಆ ಪಟ್ಟಿಯನ್ನೊಮ್ಮೆ ತೆಗೆಯಿರಿ," ಎಂದು ಅತ್ತಿಗೆ ಬೇಡಿಕೊಂಡಳು.

"ಕರೆಂಟು ಸಾಕಾಗುವುದಿಲ್ಲ, ಅದಕ್ಕೇ," ಎಂದು ಅಣ್ಣ ಇನ್ನಷ್ಟು ಏರಿಸಿದ.

ಒಂದು ಭಾನುವಾರ ಬೆಳಿಗ್ಗೆ ಕಾಪುವಿನಿಂದ ಮೀನಿನ ಸ್ಕೂಟರ್ ಬಂತು. ಅತ್ತಿಗೆ ಪಾತ್ರೆ ಹಿಡಿದು ಗೇಟಿನ ಕಡೆ ನಡೆದಳು. ನಾಯಿ ಸ್ಕೂಟರಿನತ್ತ ನುಗ್ಗಿತು. ಜಗಲಿಯಲ್ಲಿದ್ದ ಅಣ್ಣ ಬಟನ್ ಒತ್ತಿದ. ನಾಯಿ ಕಿರುಚಿ ತಿರುಗಿದ್ದೇ, ಹತ್ತಿರವಿದ್ದ ಅತ್ತಿಗೆಯ ಮುಂಗೈಗೆ ಬಾಯಿ ಹಾಕಿತು. ಬಿಡಿಸಬೇಕೆಂದು ಅಣ್ಣ ಮತ್ತೆ ಮತ್ತೆ ಒತ್ತಿದ. ಒತ್ತಿದಷ್ಟೂ ದವಡೆ ಬಿಗಿಯಿತು. ಎಲುಬಿಗೆ ಹಲ್ಲು ತಾಗಿದ ಸದ್ದು ನನಗೆ ಕೇಳಿಸಿತು. ಮೀನಿನವನು ಸ್ಕೂಟರ್ ಬಿಟ್ಟು ಓಡಿದ.

"ಎಂತ ಮಾಡ್ತಿದ್ದಿ ಮಾರಾಯ, ಬಟನ್ ಬಿಡು!" ಎಂದು ಕೂಗಿದೆ. ಅವನು ಬಿಡಲಿಲ್ಲ. ಜಗಲಿಯ ಗೋಡೆಗೆ ಒರಗಿಸಿದ್ದ, ಅಂಗಳ ಗುಡಿಸುವ ಹಿಡಿಸೂಡಿಯ ಬುಡದಿಂದ ಅವನ ಮಣಿಕಟ್ಟಿಗೆ ಬಲವಾಗಿ ಹೊಡೆದೆ. ರಿಮೋಟ್ ಕೆಳಗೆ ಬಿತ್ತು. ನಾಯಿ ಹಿಡಿತ ಬಿಟ್ಟು, ರಕ್ತದ ಬಾಯಲ್ಲಿ ತುಳಸಿಕಟ್ಟೆಯ ಹಿಂದೆ ಮುದುಡಿ ಉಚ್ಚೆ ಹೊಯ್ದುಕೊಂಡಿತು.

ಅಣ್ಣ ಹಾರೆ ಎತ್ತಿಕೊಂಡ. ತುಳಸಿಕಟ್ಟೆಯ ಕಡೆ ನಡೆದ. ಅಡ್ಡ ಬಂದವಳು ಅತ್ತಿಗೆ. ಅವಳ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಅದನ್ನು ಹೊಡೆಯುವುದಾದರೆ ಮೊದಲು ನನಗೆ ಹೊಡೆಯಿರಿ. ಕಚ್ಚಿಸಿದ್ದು ನೀವು."

ಅಣ್ಣ ಹಾರೆಯನ್ನು ಅಂಗಳಕ್ಕೆ ಬೀಸಿ ಎಸೆದ. ಮಣಿಪಾಲದ ಆಸ್ಪತ್ರೆಗೆ ಕಾರು ಓಡಿಸಿದ್ದು ಅವನೇ. ಹೊಲಿಗೆ, ಹುಚ್ಚುನಾಯಿ ಚುಚ್ಚುಮದ್ದು, ಎಲ್ಲ ಆಯಿತು. ನರಕ್ಕೆ ಪೆಟ್ಟಾಗಿ ಅವಳ ಎರಡು ಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ.

ಮರುದಿನ ಉಡುಪಿಯ ಪಶುವೈದ್ಯರು ಪಟ್ಟಿ ಕತ್ತರಿಸಿ ತೆಗೆದಾಗ ಮೊಳೆ ಊರಿದ್ದಲ್ಲಿ ಎರಡು ಗುಳಿಗಳು, ತುಂಬ ಕೀವು. "ಇದನ್ನು ಹಾಕಿದವರು ಯಾರು?" ಎಂದು ಕೇಳಿದರು. "ನಮ್ಮ ಮನೆಯವರೇ," ಎಂದೆ.

ಅಣ್ಣ ರಜೆ ಮುಗಿಯುವ ಮೊದಲೇ ಹೊರಟುಹೋದ. ಈಗ ಫೋನಿನಲ್ಲಿ ನಾಯಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ವಿಚಾರಿಸುತ್ತಾನೆ. ನಾಯಿ ನನ್ನ ಕೈಯಿಂದಷ್ಟೇ ತಿನ್ನುತ್ತದೆ. ಅತ್ತಿಗೆ ಅಂಗಳಕ್ಕಿಳಿದರೆ ಅದು ಹಿತ್ತಲಿಗೆ ಹೋಗುತ್ತದೆ. ಅವಳು ಕರೆಯುವುದಿಲ್ಲ, ಕಲ್ಲು ಎತ್ತುವುದೂ ಇಲ್ಲ.