ಕೂಟ ಬಿಟ್ಟುಕೊಟ್ಟ ಭಾನುವಾರ

ನಾನೂ ನನ್ನ ಗೆಳತಿಯೂ ಹೊಳೆಆಲೂರಿನಲ್ಲಿ ಶುರು ಮಾಡಿದ್ದ ಮಾತುಕತೆಯ ಕೂಟವನ್ನು ಆ ಭಾನುವಾರ ಊರವರ ಕೈಗೆ ಬಿಟ್ಟುಕೊಟ್ಟೆವು. ಇನ್ನು ಮಾತು ಶುರು ಮಾಡುವವರೂ ನೀವೇ, ಮುಗಿಸುವವರೂ ನೀವೇ ಎಂದು ಹೇಳಿ, ದುಂಡಗೆ ಕೂತವರ ನಡುವೆ ನಾವೂ ಸುಮ್ಮನೆ ಕೂತೆವು. ಅವತ್ತಿನ ವಿಷಯ ಸಣ್ಣದಲ್ಲ: ನೆರೆ ನುಗ್ಗುವ ಹೊಳೆದಂಡೆಯ ಮನೆ ಬಿಟ್ಟು ಸರ್ಕಾರ ಎತ್ತರದಲ್ಲಿ ಕೊಡುವ ಹೊಸ ಪ್ಲಾಟಿಗೆ ಹೋಗಬೇಕೋ ಬೇಡವೋ. ಹೋಗುವುದೇ ಒಳ್ಳೆಯದೆಂದು ನಾನು ಎಷ್ಟೋ ಸಲ ಹೇಳಿದ್ದೆ. ಎಲ್ಲರೂ ಹೂಂ ಅಂದಿದ್ದರು.

ಈಗ ಯಾರೂ ಬಾಯಿ ಬಿಡಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಕೂಟ ನಡೆಸಲು ಒಪ್ಪಿದ್ದ ಹೊಲಿಗೆ ಕೆಲಸದ ಹೆಣ್ಣುಮಗಳು ಸೆರಗಿನ ತುದಿ ಸುತ್ತುತ್ತ ತಲೆ ತಗ್ಗಿಸಿ ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಲಿಸಿದ್ದು ಇದನ್ನೇನಾ? ಇನ್ನೊಂದು ಕ್ಷಣ ಕೂತರೆ ನಾನೇ ಶುರು ಮಾಡಿಬಿಡುತ್ತೇನೆ ಅನ್ನಿಸಿ, ಚಹಾ ತರುವ ನೆಪದಲ್ಲಿ ಗೆಳತಿಯನ್ನೂ ಎಬ್ಬಿಸಿಕೊಂಡು ಹೊರಬಿದ್ದೆ.

ಕೆಟಲ್ ಹಿಡಿದು ಮರಳುವಾಗ ಬೀದಿಗೇ ಜಗಳ ಕೇಳಿಸುತ್ತಿತ್ತು.

"ಅಕ್ಕಾರು ಬ್ಯಾಸರ ಮಾಡ್ಕೋತಾರಂತ ಹೂಂ ಅಂದಿದ್ನಿ. ಖರೇ ಹೇಳ್ತೀನಿ, ನಾ ಮನಿ ಬಿಡಂಗಿಲ್ಲ!" ಒಬ್ಬ ಮುದುಕಿ ಕೂಗುತ್ತಿದ್ದಳು. ಕೂಟದಲ್ಲಿ ಅವಳ ದನಿಯನ್ನು ನಾನು ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ.

ನಾನು ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ಗಪ್ಪಾದರು. ಹೊಲಿಗೆಯ ಹೆಣ್ಣುಮಗಳು ಎದ್ದು ಬಂದು ನನ್ನ ಕೈಯಿಂದ ಕೆಟಲ್ ಇಸಿದುಕೊಂಡಳು.

"ಅಕ್ಕಾರ, ನೀವು ಹೊರಗ ಕುಂದರ್ರಿ," ಎಂದು ಹೇಳಿ ಬಾಗಿಲು ಮುಂದೆ ಮಾಡಿದಳು.